ಸಾಕ್ಷಿ ಹೇಳುವ ಉಪ್ಪು

ಏಳು ಸಮುದ್ರ ದಾಟಬೇಕಿಲ್ಲ. ಇನ್ನು ಮೂವತ್ತು ಮಳೆಗಾಲ ದಾಟಿದರೆ ಸಾಕು, ಅಲ್ಲೊಂದು ಊರು ಸಿಗುತ್ತದೆ. ಆ ಊರಿನಲ್ಲಿ ಮಾತಾಡುವ ಉಪ್ಪಿತ್ತು. ಬಾಯಿಲ್ಲದ ಉಪ್ಪು ಹೇಗೆ ಮಾತಾಡೀತು ಎಂದು ಕೇಳಬೇಡಿ. ಅದು ಬಣ್ಣದಲ್ಲಿ ಮಾತಾಡುತ್ತಿತ್ತು.

ಊರು ಹಳೇಗುಂದಿ. ಭಾನುವಾರದ ಕುರಿಸಂತೆ. ಕಟ್ಟೆಯ ಮೇಲೆ ಸಾಲಾಗಿ ಬಿಳಿ ಉಪ್ಪಿನ ಗಟ್ಟಿಗಳು, ಒಂದು ಕುರಿಗೆ ಒಂದರಂತೆ. ಉಪ್ಪೆಂದರೆ ಕುರಿಗೆ ಜೀವ, ಬಂದು ನೆಕ್ಕುತ್ತದೆ. ಅದರ ಜೊಲ್ಲಿನಲ್ಲಿ ಔಷಧಿಯ ಉಳಿಕೆ ಮಿತಿ ಮೀರಿದ್ದರೆ, ಅರವತ್ತು ಎಣಿಸುವುದರೊಳಗೆ ಗಟ್ಟಿ ನೇರಳೆಯಾಗುತ್ತದೆ. ಉಪ್ಪಿನಲ್ಲಿ ಬೆರೆಸಿದ ಪ್ರೋಟೀನೊಂದು ಬೀಗವಿದ್ದಂತೆ. ಔಷಧಿಯ ಕಣ ಕೀಲಿಯಂತೆ ಅದರಲ್ಲಿ ಕೂತ ಕೂಡಲೇ ಬಣ್ಣ ಬಿಡುತ್ತದೆ. ಜೊಲ್ಲಿನಲ್ಲಿ ಇದ್ದದ್ದು ಮಾಂಸದಲ್ಲೂ ಇರುತ್ತದೆ. ಇದನ್ನು ಕಂಡುಹಿಡಿದ ಪಶುವಿಜ್ಞಾನಿ ನೀಲಾಂಬಿಕೆ ಅಂದು ಕಟ್ಟೆಯ ಪಕ್ಕದಲ್ಲೇ ನಿಂತಿದ್ದಳು.

ಅಂಥ ಉಪ್ಪು ಸುಮ್ಮನೆ ಹುಟ್ಟಿರಲಿಲ್ಲ. ಕುರಿ ಕೋಳಿಗಳಿಗೆ ಬೇಕಿರಲಿ ಬೇಡದಿರಲಿ ಹಾಕಿದ ಔಷಧಿಯ ಗುಟ್ಟನ್ನು ರೋಗಾಣುಗಳು ಕಲಿತು, ಅದಕ್ಕೆ ಬಗ್ಗದಂತಾಗಿದ್ದವು. ಕಾಲಿಗೆ ಮುಳ್ಳು ಚುಚ್ಚಿದ ಗಾಯ ಮಾಯದೆ ಜನ ಸತ್ತ ವರ್ಷಗಳಿದ್ದವು. ಹಾಗಾಗಿ ಕಾನೂನು ನಿರ್ದಯವಾಗಿತ್ತು.

ಆ ದಿನ ಹನ್ನೆರಡು ಟಗರು ನೆಕ್ಕಿದವು. ಹನ್ನೆರಡು ಗಟ್ಟಿಯೂ ನೇರಳೆಯಾದವು.

ತಪಾಸಣೆಯ ಅಧಿಕಾರಿ ಮೌನೇಶ ಕಿವಿಗೆ ಕಚ್ಚು ಹಾಕುವ ಇಕ್ಕಳ ಕೈಗೆತ್ತಿಕೊಂಡ. ಕಿವಿಗೆ ಕಚ್ಚು ಬಿದ್ದ ಹಿಂಡನ್ನು ಒಂದು ವರ್ಷ ಯಾವ ಸಂತೆಯೂ ಕೊಳ್ಳುವುದಿಲ್ಲ. ಗೊಬ್ಬರಕ್ಕೆಂದು ಯಾವ ರೈತನೂ ಹೊಲದಲ್ಲಿ ತಂಗಿಸಿಕೊಳ್ಳುವುದಿಲ್ಲ. ಹಿಂಡಿನ ಒಡತಿ ಬೀರವ್ವನಿಗೆ ಕುರಿ ಬಿಟ್ಟರೆ ಬೇರೆ ಬದುಕಿರಲಿಲ್ಲ.

"ಹದಿನೈದು ದಿನ ಬಿಟ್ಟ ತಂದೀನ್ರಿ," ಎಂದಳು ಬೀರವ್ವ. "ಹಿಂದಿನ ಸಂತಿ ಬಿಟ್ಟ ಅದರಾಚಿ ಐತಾರ ಸಂಜಿಕ ಸೂಜಿ ಹಾಕ್ಸಿದ್ದೆ. ಇವತ್ತ ಐತಾರ."

"ಹಂಗಾರ ಉಪ್ಪು ಸುಳ್ಳು ಹೇಳ್ತೈತೇನಬೇ?" ಮೌನೇಶ ಕೇಳಿದ.

"ಉಪ್ಪಿಗೇನ ತಿಳೀತೈತಿ? ಅದು ಸಾರಿಗೆ ಹಾಕೂದು."

ಕಟುಕರ ದಾದಾಪೀರ ನಕ್ಕ. "ಮೆಲ್ಲಕ ಅನ್ನಬೇ. ಉಪ್ಪು ಮಾಡಿದ ಅಕ್ಕಾರು ಇಲ್ಲೇ ನಿಂತಾರ."

ನೀಲಾಂಬಿಕೆಗೆ ಆ ಮಾತು ಕೇಳಿಸಲೇ ಇಲ್ಲ. ಸೂಜಿ ಹಾಕಿದ ಮೇಲೆ ಹದಿನೈದು ದಿನ ಕುರಿ ಮಾರಬಾರದೆಂಬ ಗಡುವನ್ನು ಔಷಧಿಯ ಸೀಸೆಯ ಮೇಲೆ ಬರೆಸಿದವಳು ಅವಳೇ. ಉಪ್ಪು ತಪ್ಪಿದ್ದರೆ ಹತ್ತು ವರ್ಷದ ಕೆಲಸ ಮಣ್ಣುಪಾಲು. ಉಪ್ಪು ಸರಿಯಿದ್ದರೆ ಈ ಹೆಂಗಸು ಸುಳ್ಳಿ. ಆದರೆ ಸುಳ್ಳು ಹೇಳುವವರು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುವುದಿಲ್ಲ.

"ಸ್ವಲ್ಪ ಎಣಿಸಿ ಹೇಳ್ರಿ ಯವ್ವಾ," ಎಂದಳು.

"ಎಣಸೂದೇನೈತಿ? ಸಂತಿಯಿಂದ ಸಂತಿಗೆ ಎಂಟು ದಿನ. ಎರಡ ಸಂತಿಗೆ ಹದಿನೈದು."

"ಎಂಟೆರಡ್ಲೆ ಹದಿನಾರು," ಮೌನೇಶ ಕುಟುಕಿದ. "ಅದರಾಗೂ ಒಂದು ನುಂಗಿದಿ."

ಜನ ನಕ್ಕರು. ನೀಲಾಂಬಿಕೆ ನಗಲಿಲ್ಲ. ಅವಳ ಅವ್ವನೂ ಮುಂದಿನ ವಾರಕ್ಕೆ ಎಂಟು ದಿನ ಎನ್ನುತ್ತಿದ್ದಳು. ತಾನೂ ಹಾಗೇ ಎನ್ನುತ್ತಾಳೆ. ಹೋದ ದಿನವೂ ಲೆಕ್ಕಕ್ಕೆ, ಬಂದ ದಿನವೂ ಲೆಕ್ಕಕ್ಕೆ.

"ದಿನ ಬ್ಯಾಡ್ರಿ. ಎಷ್ಟು ಇರುಳು ಕಳದ್ವು?"

ಇರುಳೆಂದರೆ ಬೀರವ್ವನಿಗೆ ಹಿಂಡು ತಂಗಿದ ಹೊಲ. ಅವಳು ಬೆರಳು ಮಡಿಸುತ್ತ ಹೋದಳು. "ಗೌಡರ ಎರಿಯಾಗ ಎರಡು ಇರುಳ. ಕುಂಬಾರ ಮಲ್ಲಪ್ಪನ ಮಡ್ಡಿಯಾಗ ಮೂರು. ಹಳ್ಳದ ದಂಡಿಗೆ ಐದು. ಮಾಸ್ತರ ಶೇಂಗಾ ಹೊಲದಾಗ ನಾಕು." ಬೆರಳು ಅಲ್ಲಿಗೇ ನಿಂತಿತು. ಮತ್ತೊಮ್ಮೆ ಎಣಿಸಿದಳು. ದನಿ ಇಳಿಯಿತು. "ಹದಿನಾಕು."

"ತಪ್ಪು ನಿಮ್ಮದಲ್ಲ, ಸೀಸೆ ಮ್ಯಾಲಿನ ಮಾತಿಂದು," ಎಂದಳು ನೀಲಾಂಬಿಕೆ.

"ಅಕ್ಕಾರ, ಇವತ್ತ ಕಚ್ಚು ಬೀಳದಿದ್ರ ನನ್ನ ನೌಕರಿಗೆ ಕಚ್ಚು ಬೀಳ್ತೈತಿ," ಮೌನೇಶ ಹೇಳಿದ.

"ನಿನ್ನ ಕಾಗದಕ್ಕ ನಾ ಸಹಿ ಮಾಡ್ತೀನಿ. ಇನ್ನ ಒಂದ ಇರುಳು ಬೇಕು, ನಾಳೆ ಸಂಜಿ ತನಕಾ ಟಗರು ಸಂತಿ ದೊಡ್ಡಿಯಾಗ ಇರಲಿ. ಒಂದ ಗಟ್ಟಿ ಬಣ್ಣ ಬಿಟ್ರೂ ನನ್ನ ಕೈಯಾರೆ ಕಚ್ಚು ಹಾಕ್ತೀನಿ."

"ಬೆಳ್ಳಗ ಉಳಿದ್ರ?" ಬೀರವ್ವ ಕೇಳಿದಳು.

"ಸೀಸೆ ಮ್ಯಾಲಿನ ಮಾತು ತಿದ್ದಸ್ತೀನಿ."

"ತಿದ್ದಸೂದಲ್ಲ. ಮೊದಲನೇ ಸೀಸೆ ನನ್ನ ಮುಂದ ನೀವ ತಿದ್ದಬೇಕು."

ನೀಲಾಂಬಿಕೆ ಮಾತು ಕೊಟ್ಟಳು.

ಮರುದಿನ ಸಂಜೆ ಹನ್ನೊಂದು ಟಗರು ನೆಕ್ಕಿದವು. ಹನ್ನೊಂದು ಗಟ್ಟಿ ಬೆಳ್ಳಗೇ ಉಳಿದವು. ಹನ್ನೆರಡನೆಯದು ಹಿಂಡಿನ ಮುಂದಾಳು ಮುದಿ ಟಗರು. ಅದು ಮೂತಿ ತಿರುಗಿಸಿತು. ಎರಡನೇ ಸಲ ಒಡ್ಡಿದರೆ ಎರಡು ಹೆಜ್ಜೆ ಹಿಂದೆ ಸರಿಯಿತು. ಮೌನೇಶ ಇಕ್ಕಳವನ್ನು ಒಮ್ಮೆ ಕಟಕ್ಕೆಂದು ಒತ್ತಿ ನೋಡಿಕೊಂಡ.

"ಬೀರವ್ವ, ನೀ ಕರದ್ರ ಬರ್ತೈತಿ," ದಾದಾಪೀರ ಪಿಸುಗುಟ್ಟಿದ.

"ನಾ ಮುಟ್ಟಂಗಿಲ್ಲ. ಆಮ್ಯಾಲ ಮುದುಕಿ ಟಗರಿನ ಬಾಯಿಗಿ ಏನೋ ಬಳದಾಳ ಅಂತೀರಿ." ಬೀರವ್ವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ನೀಲಾಂಬಿಕೆ ಹಿಕ್ಕೆಯ ನೆಲದಲ್ಲೇ ಮೊಣಕಾಲೂರಿ, ಅಂಗೈಯಲ್ಲಿ ಗಟ್ಟಿ ಹಿಡಿದು ಕೂತಳು. ಹೊತ್ತು ಮುಳುಗುತ್ತಿತ್ತು. ಟಗರು ಅವಳ ಮುಂಗೈ ಮೂಸಿತು, ಸೀನಿತು, ಆಮೇಲೆ ಒರಟು ನಾಲಿಗೆ ಚಾಚಿ ನಿಧಾನವಾಗಿ ಉಪ್ಪು ನೆಕ್ಕಿತು. ಅವಳು ಎಣಿಸತೊಡಗಿದಳು. ನಲವತ್ತಕ್ಕೆ ಗಟ್ಟಿಯ ಅಂಚಿನಲ್ಲಿ ಏನೋ ಕಪ್ಪಿಟ್ಟಂತಾಯಿತು. ಐವತ್ತಕ್ಕೆ ಗಟ್ಟಿಯನ್ನು ಪಡುವಣದ ಬೆಳಕಿಗೆ ತಿರುಗಿಸಿದಳು: ಅದು ಅವಳದೇ ಬೆರಳಿನ ನೆರಳು. ಅರವತ್ತು. ಉಪ್ಪು ಬೆಳ್ಳಗಿತ್ತು.

ಮೌನೇಶ ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡ. ಬೀರವ್ವ ಟಗರಿನ ಕೊರಳು ತಬ್ಬಿಕೊಂಡಳು. ನೀಲಾಂಬಿಕೆ ಮಾತ್ರ ಏಳಲಿಲ್ಲ. ಉಪ್ಪು ಇನ್ನೂ ಮಾತು ಕಲಿಯದಿದ್ದ ಕಾಲವೊಂದಿತ್ತಲ್ಲ, ಆಗ? ಸೀಸೆಯ ಮೇಲಿನ ಅಕ್ಷರ ಓದಲು ಬಾರದವರು, ಓದಿಯೂ ಬೇರೆ ಥರ ಎಣಿಸಿದವರು, ಸರಿಯಾಗಿ ಎಣಿಸಿಯೂ ಕಾಯದವರು, ಎಲ್ಲರ ಕುರಿಯೂ ಒಂದೇ ಥರದ ಸಾರಿನಲ್ಲಿ ಬೆಂದಿತ್ತು. ಉಣ್ಣಲು ಕೂತವರು ಖಾರ ಸಾಕೋ, ಇನ್ನಷ್ಟು ಬೇಕೋ ಎಂದಷ್ಟೇ ಕೇಳಿಕೊಂಡಿದ್ದರು.

ಬೀರವ್ವ ಕಂಬಳಿಯ ಮಡಿಕೆಯಿಂದ ಔಷಧಿಯ ಸೀಸೆ ತೆಗೆದು ಅವಳ ಮುಂದೆ ಹಿಡಿದಳು. "ಬರೀರಿ."

ನೀಲಾಂಬಿಕೆ 'ಹದಿನೈದು ದಿನ' ಎಂಬುದರಲ್ಲಿ 'ದಿನ'ವನ್ನು ಹೊಡೆದುಹಾಕಿ, 'ಇರುಳು ಕಳೆದ ಮೇಲೆ' ಎಂದು ಬರೆದಳು.

"ದೊಡ್ಡಕ್ಷರ ಮಾಡ್ರಿ. ಕತ್ತಲದಾಗೂ ಕಾಣಬೇಕು."

ಅವಳು ಪ್ರತಿ ಅಕ್ಷರದ ಮೇಲೂ ಇನ್ನೊಮ್ಮೆ ಪೆನ್ನು ಎಳೆದು ದಪ್ಪ ಮಾಡಿದಳು.