ಬೆರಿಯ ಹಿಂದೆ

ಬೆಳಗ್ಗೆ ಹಜಾರದ ಬಾಗಿಲು ತೆರೆದ ಮಗಳಿಗೆ ಮೊದಲು ತಾಗಿದ್ದು ವಾಸನೆ. ಬಣ್ಣ ಕರಗಿಸುವ ಟರ್ಪೆಂಟೈನ್. ಅಮ್ಮನ ಕೈಬೆರಳುಗಳ ವಾಸನೆ. ಅಮ್ಮ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು.

ಗೋಡೆಯ ದೊಡ್ಡ ಚಿತ್ರದಲ್ಲಿ ಈಗ ಸ್ಟ್ರಾಬೆರಿಯೂ ಇರಲಿಲ್ಲ. ಮೊದಲು ರಾಸ್ಬೆರಿ ಮಾಯವಾಗಿತ್ತು. ಆಮೇಲೆ ಮಲ್ಬೆರಿ. ಹಣ್ಣಿದ್ದ ಕಡೆಯೆಲ್ಲ ಕೆರೆದು ಒರೆಸಿದ ಬಿಳಿ ಕಲೆ—ರೆಪ್ಪೆಯಿಲ್ಲದ ಕಣ್ಣಿನ ಹಾಗೆ.

ಸಸ್ಯಶಾಸ್ತ್ರದ ಪುಸ್ತಕಗಳಿಗೆ ಚಿತ್ರ ಬರೆದೇ ಬಾಳು ಸವೆಸಿದ ಅಮ್ಮ ಮನೆಗೆಂದು ಬರೆದದ್ದು ಇದೊಂದನ್ನೇ, ಅಪ್ಪ ಕಾಣೆಯಾದ ವರ್ಷ. ಬುಟ್ಟಿಯ ತುಂಬ ಆ ಮೂರು ಬೆರಿಗಳು. ಜೊತೆಗೆ ಮಾವು, ಅನಾನಸ್, ಬಾಳೆಹಣ್ಣು, ಟೊಮೆಟೊ, ಬದನೆಕಾಯಿ. ಹಣ್ಣಿನ ಬುಟ್ಟಿಯಲ್ಲಿ ಬದನೆಕಾಯಿಗೇನು ಕೆಲಸ ಎಂದು ಬಂದವರು ನಕ್ಕರೆ ಅಮ್ಮನೂ ನಗುತ್ತಿದ್ದಳು; ಉತ್ತರ ಹೇಳುತ್ತಿರಲಿಲ್ಲ. ಮಗಳಿಗೆ ಮಾತ್ರ ಚಿಕ್ಕಂದಿನಿಂದಲೂ ಆ ಟೊಮೆಟೊ ಕಂಡರೆ ಅಳುಕು. ಅದರ ಹಿಂದೆ ಯಾರೋ ನಿಂತಿದ್ದಾರೆನಿಸಿ, ಅದಕ್ಕೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಿದ್ದಳು.

ಕೊನೆಯುಸಿರಿಗೆ ಮುಂಚೆ ಅಮ್ಮ ಆಡಿದ ಮಾತು ಇಷ್ಟೇ: “ನಿಮ್ಮಪ್ಪನ ವಿಷಯ ಚಿತ್ರದಲ್ಲಿದೆ. ಬೆರಿಯ ಹಿಂದೆ.”

ಕನವರಿಕೆಯೆಂದು ಮಗಳು ಸುಮ್ಮನಿದ್ದಳು. ಆದರೆ ಆ ಮಾತನ್ನು ಇನ್ನೂ ಮೂವರು ಕೇಳಿಸಿಕೊಂಡಿದ್ದರು. ಅಮ್ಮನ ಆರೈಕೆಗೆ ಬಂದು ಇನ್ನೂ ಮನೆಯಲ್ಲೇ ಇದ್ದ ನರ್ಸಮ್ಮ. ಮನೆಯ ಒಂದು ಕೀಲಿಕೈ ಇಟ್ಟುಕೊಂಡಿದ್ದ ಅಮ್ಮನ ಶಿಷ್ಯೆ. ಮತ್ತೆ ಮಾವ—ಅಮ್ಮನ ಬೆನ್ನಿಗೆ ಬಿದ್ದ ತಮ್ಮ, ಅಪ್ಪ ಹೋದ ಮೇಲೆ ಅಪ್ಪನಾಗಿ ಅವಳನ್ನು ಸಾಕಿದವನು. ಮಗು ಬಿದ್ದೀತೆಂದು ಹಿತ್ತಲ ಬಾವಿಯನ್ನೇ ತುಂಬಿಸಿ, ಮೇಲೆ ಕಲ್ಲುಕಟ್ಟೆ ಕಟ್ಟಿಸಿದವನು.

ಮೂವರಲ್ಲಿ ಯಾರೋ ಹುಡುಕುತ್ತಿದ್ದರು. ಸಿಕ್ಕಿದರೆ ಅದನ್ನೂ ಕೆರೆದು ಹಾಕುತ್ತಿದ್ದರು. ಅಲ್ಲಿಗೆ ಅಪ್ಪನ ಕಥೆ ಮುಗಿದಂತೆ. ಹೆಂಡತಿ ಮಗಳನ್ನು ಬಿಟ್ಟು ಯಾವಳದೋ ಹಿಂದೆ ಹೋದ ಎಂಬ ಮಾತೇ ಖಾಯಂ. ‘ಓಡಿಹೋದವನ ಮಗಳು’—ಶಾಲೆಯಲ್ಲಿ ಅಂಟಿದ ಹೆಸರು. ಗಟ್ಟಿಯಾಗಬೇಕಿದ್ದ ಸಂಬಂಧವೊಂದು ಮುರಿದದ್ದೂ ಇದೇ ಹೆಸರಿಗೆ.

ಅವಳು ಪಕ್ಕದ ಬೀದಿಯ ಗೊಣಗಣ್ಣನನ್ನು ಕರೆತಂದಳು. ಪೊಲೀಸ್ ಕೆಲಸದಿಂದ ನಿವೃತ್ತನಾದರೂ ಗೊಣಗುವುದರಿಂದ ನಿವೃತ್ತನಾಗದ ಆಸಾಮಿ. ಮೂರು ಕಲೆಗಳನ್ನು ನೋಡಿ, ಮೂಗು ಹಿಗ್ಗಿಸಿ, ದೆವ್ವಕ್ಕೂ ಟರ್ಪೆಂಟೈನ್ ಬೇಕೇ, ಕಾಲ ಕೆಟ್ಟಿತು ಎಂದ. ಚಿತ್ರ ಇಳಿಸಿ ಬೀಗ ಹಾಕೋಣವೇ ಎಂದರೆ ಬೇಡವೆಂದ.

“ಗಾಳಕ್ಕೆ ಹುಳು ಬೇಕಲ್ಲಮ್ಮ. ಅಲ್ಲೇ ಇರಲಿ.”

ಹಗಲೆಲ್ಲ ಆತ ಅಮ್ಮನ ಪುಸ್ತಕಗಳನ್ನು ಮಗುಚುತ್ತ ಕುಳಿತ. ಆಮೇಲೆ ಅಡುಗೆಮನೆಯಲ್ಲಿ ನರ್ಸಮ್ಮನೊಡನೆ ಒಂದಿಷ್ಟು ಹರಟೆ. ಕಲ್ಲುಕಟ್ಟೆಯ ಮೇಲೆ ಮಾವನೊಡನೆ ಒಂದಿಷ್ಟು. ಶಿಷ್ಯೆಯನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ.

“ಅವಳ ಹತ್ತಿರ ಕೀಲಿಕೈ ಇದೆ. ಟರ್ಪೆಂಟೈನ್ ಬಳಸುವ ಕೈ ಅವಳದು. ಅವಳನ್ನೇ ಬಿಟ್ಟಿರಲ್ಲ?” ಮಗಳು ಕೇಳಿದಳು.

“ಅದಕ್ಕೇ ಬಿಟ್ಟೆ,” ಎಂದು ಗೊಣಗಿ ಚಪ್ಪಲಿ ಮೆಟ್ಟಿದ.

ಮರುದಿನ ಬೆಳಗ್ಗೆ ಮತ್ತೆ ಅದೇ ವಾಸನೆ. ಬಾಳೆಹಣ್ಣು ಇರಲಿಲ್ಲ.

ಗೊಣಗಣ್ಣ ಎಲ್ಲರನ್ನೂ ಚಿತ್ರದ ಮುಂದೆ ಕೂರಿಸಿದ. ಈ ಸಲ ಗೊಣಗಲಿಲ್ಲ. ಅದೇ ಮಗಳನ್ನು ಹೆಚ್ಚು ಹೆದರಿಸಿತು.

“ಸ್ಟ್ರಾಬೆರಿ ಬೆರಿ ಹೌದೋ ಅಲ್ಲವೋ?” ಎಂದು ಶಿಷ್ಯೆಯನ್ನು ಕೇಳಿದ.

“ಅಲ್ಲ. ಅದರ ತಿರುಳು ಹೂವಿನ ಬುಡ ಉಬ್ಬಿದ್ದು. ನಾವು ಬೀಜ ಅನ್ನುವ ಹೊರಗಿನ ಕಾಳುಗಳೇ ನಿಜವಾದ ಹಣ್ಣು. ರಾಸ್ಬೆರಿ, ಮಲ್ಬೆರಿ ಕೂಡ ಚಿಕ್ಕ ಚಿಕ್ಕ ಹಣ್ಣುಗಳ ಗೊಂಚಲು. ಒಂದು ಹೂವಿನ ಒಂದೇ ಅಂಡಾಶಯ ಬೆಳೆದು, ಮೆತ್ತಗಿನ ತಿರುಳಿನೊಳಗೆ ಬೀಜ ಹುದುಗಿದ್ದರೆ ಅದು ಬೆರಿ. ಅಮ್ಮ ನನಗೆ ಮೊದಲು ಕಲಿಸಿದ್ದೇ ಇದು.”

“ಕೇಳಿದಿರಾ? ಇವಳು ಕಳ್ಳಿಯಾಗಿದ್ದರೆ ಆ ಮೂರನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಿದವರು ಸಂತೆಯ ಲೆಕ್ಕದಲ್ಲಿ ಹುಡುಕಿದರು. ಹೆಸರಿನಲ್ಲಿ ಬೆರಿ ಇದ್ದರೆ ಬೆರಿ. ಸತ್ತಾಕೆ ಮಾತಾಡಿದ್ದು ತನ್ನ ಪುಸ್ತಕದ ಲೆಕ್ಕದಲ್ಲಿ. ಆ ಲೆಕ್ಕಕ್ಕೆ ಮಾವು ಸಲ್ಲದು, ಅದಕ್ಕೆ ಓಟೆಯಿದೆ. ಅನಾನಸ್ ಹಲವು ಹೂಗಳ ಕೂಟ. ಉಳಿದದ್ದು ಬಾಳೆ, ಬದನೆ, ಟೊಮೆಟೊ.” ಆತ ನಿಧಾನವಾಗಿ ತಿರುಗಿದ. “ನರ್ಸಮ್ಮನಿಗೆ ನಿನ್ನೆ, ಬದನೆಕಾಯಿ ನಿಜವಾದ ಬೆರಿ ಎಂದೆ. ಇನ್ನೊಬ್ಬರಿಗೆ, ಬಾಳೆಹಣ್ಣು ನಿಜವಾದ ಬೆರಿ ಎಂದೆ. ಎರಡೂ ಸುಳ್ಳಲ್ಲ. ಬದನೆ ಅಲ್ಲೇ ಇದೆ, ನೋಡಿ.”

ಯಾರೂ ಮಾವನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

“ಟೊಮೆಟೊ ಮಾತ್ರ ನಾನು ಯಾರಿಗೂ ಹೇಳಲಿಲ್ಲ,” ಎಂದ ಗೊಣಗಣ್ಣ. “ಇಲ್ಲಿ ಬೆಳಕು ಎಡದಿಂದ ಬರುತ್ತದೆ. ಎಲ್ಲ ಹಣ್ಣಿನ ನೆರಳೂ ಬಲಕ್ಕೆ. ಇದೊಂದರ ನೆರಳು ಎಡಕ್ಕೆ, ಬೆಳಕಿಗೆ ಎದುರಾಗಿ. ಎಲೆಯ ನರವನ್ನೂ ತಪ್ಪದೆ ಬರೆದ ಕೈ ನೆರಳಲ್ಲಿ ತಪ್ಪೀತೇ? ಇಷ್ಟು ವರ್ಷ ಎಲ್ಲರೂ ಇದರ ಮುಂದೆಯೇ ಉಂಡಿರಿ.”

ಚಿಕ್ಕಂದಿನಿಂದ ಮಗಳನ್ನು ಬೆಚ್ಚಿಸಿದ್ದು ಹಣ್ಣಲ್ಲ, ನೆರಳು.

ಶಿಷ್ಯೆ ಹತ್ತಿಯ ಉಂಡೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಟೊಮೆಟೊವನ್ನು ಮೆಲ್ಲಗೆ ಒರೆಸತೊಡಗಿದಳು. ಕೆಳಗೆ ವಾರ್ನಿಷ್ ಪದರವಿತ್ತು. ಕೆಂಪು ಅದರ ಮೇಲಿಂದ ಸಲೀಸಾಗಿ ಜಾರಿತು. ಅಂಗೈಯಗಲದ ಒಂದು ಚಿತ್ರ ಹೊರಬಂತು. ಅಡುಗೆಮನೆಯ ಕಿಟಕಿಯಿಂದ ಕಂಡ ಹಿತ್ತಲು. ಬಾವಿಯ ದಂಡೆಯ ಮೇಲೆ ಅಪ್ಪನ ಕನ್ನಡಕ. ಬುಟ್ಟಿಯಲ್ಲಿ ಮಣ್ಣು ತಂದು ಒಳಗೆ ಸುರಿಯುತ್ತಿರುವ, ಹರೆಯದ ಮಾವ.

ಮಾವನ ಉಗುರುಗಳ ಸಂದಿಯಲ್ಲಿ ಬಾಳೆಯ ಹಳದಿ ಇನ್ನೂ ಉಳಿದಿತ್ತು. ಆತ ಕೈ ಮುಚ್ಚಿಕೊಳ್ಳಲಿಲ್ಲ.

“ನಿಮ್ಮಪ್ಪ ಅಕ್ಕನ ಮೇಲೆ ಕೈ ಎತ್ತಿದ, ಪುಟ್ಟಿ. ಹಿತ್ತಲಿಗೆ ಎಳೆದುಕೊಂಡು ಹೋಗಿ ತಳ್ಳಿದೆ. ದಂಡೆಗೆ ತಲೆ ಬಡಿಯಿತು. ಅಕ್ಕ ಕಿಟಕಿಯಲ್ಲಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ. ಸಾಯುವ ತನಕ ಒಂದೇ ಒಂದು ಮಾತು ಕೇಳಲಿಲ್ಲ ಅವಳು. ಒಡಹುಟ್ಟಿದವನಲ್ಲವಾ.”

“ಓಡಿಹೋದವನ ಮಗಳು ಅಂತ ಅತ್ತುಕೊಂಡು ಬಂದಾಗಲೆಲ್ಲ ಕಣ್ಣು ಒರೆಸಿದ್ದು ನೀನೇ ಅಲ್ಲವಾ ಮಾವ?”



ಅವಳು ಹಿತ್ತಲಿಗೆ ನಡೆದಳು. ಕಲ್ಲುಕಟ್ಟೆ ಬೆಳಗಿನ ಬಿಸಿಲಿಗೆ ಬೆಚ್ಚಗಾಗಿತ್ತು. ಮಗ್ಗಿ ಬಾಯಿಪಾಠ ಮಾಡಿದ್ದು ಇದರ ಮೇಲೆ ಕುಳಿತು; ಅಪ್ಪ ಎಂದಾದರೂ ಬಂದಾನೆಂದು ಬೀದಿಯ ಕಡೆ ನೋಡಿದ್ದೂ ಇದರ ಮೇಲೆ ಕುಳಿತೇ.

ಅಪ್ಪ ಮನೆ ಬಿಟ್ಟು ಹೋಗಿರಲೇ ಇಲ್ಲ.