ರಂಜಕ ಹಚ್ಚಿದ ರೊಟ್ಟಿ

ಕಬ್ಬಿನ ಹೊಲದೊಳಗೆ ಬೇಟೆನಾಯಿ ಚಿಗರಿ ಹಂದಿಯ ಬೆನ್ನು ಹತ್ತಿದ್ದು ಯಮನಪ್ಪನ ಕಣ್ಣಿಗೆ ಕಾಣುತ್ತಿರಲಿಲ್ಲ. ಅವನ ಮಣಿಕಟ್ಟಿಗೆ ಮಾತ್ರ ಗೊತ್ತಾಗುತ್ತಿತ್ತು. ಅಲ್ಲಿ ಕಟ್ಟಿದ್ದ ಎರಡು ಬೆರಳಗಲದ ಪಟ್ಟಿ ನಾಯಿಯ ಎದೆಬಡಿತವನ್ನು ಇದ್ದ ಹಾಗೇ ಬಡಿಯುತ್ತಿತ್ತು. ಚಿಗರಿ ಹಂದಿಯ ಕಿವಿಗೆ ಬಾಯಿ ಹಾಕಿದಾಗ ಪಟ್ಟಿ ಬಿಗಿಯಿತು. ಹಂದಿ ಕೊಡವಿ ಎಸೆದಾಗ ಮೊಣಕೈವರೆಗೂ ಝುಮ್ಮೆಂದಿತು. ಯಮನಪ್ಪ ಹಲ್ಲು ಕಚ್ಚಿಕೊಂಡೇ ನಕ್ಕ. ಸ್ವಲ್ಪ ಹೊತ್ತಿಗೆ ಗಂಟಲು ಸೀಳಿದ ಹಂದಿಯೊಂದು ಬದುವಿನ ಮೇಲೆ ಬಂದು ಬಿತ್ತು. ಅದರ ಹಿಂದೆಯೇ ಮೂತಿಯೆಲ್ಲ ಕೆಂಪಾದ ಚಿಗರಿ ಬಂತು.

ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟಿತ್ತು. ಮುಧೋಳದ ಸುತ್ತಲಿನ ಹೊಲಗಳಲ್ಲಿ ಟ್ರ್ಯಾಕ್ಟರುಗಳು ಚಾಲಕರಿಲ್ಲದೆ ಓಡುತ್ತಿದ್ದವು, ಡ್ರೋನುಗಳು ಬೆಳೆ ಕಾಯುತ್ತಿದ್ದವು. ಆದರೆ ಕಾಡುಹಂದಿಗಳು ಡ್ರೋನಿಗೆ ಹೆದರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕೊನೆಗೆ ಸರ್ಕಾರವೇ ಬೇಟೆಗೆ ಅನುಮತಿ ಕೊಟ್ಟಿದ್ದರಿಂದ ಮೂಲೆಗೆ ಸೇರಿದ್ದ ಬೇಟೆನಾಯಿಗಳಿಗೆ ಮತ್ತೆ ಮರ್ಯಾದೆ ಬಂದಿತ್ತು.

ಪಟ್ಟಿ ಕಂಡುಹಿಡಿದವರು ಪಶುವಿಜ್ಞಾನಿ ಡಾಕ್ಟರ್ ನೀಲಾಂಬಿಕಾ. ಅದರಲ್ಲಿ ಎರಡು ಭಾಗ. ಒಂದು ನಾಯಿಯ ಕೊರಳಿಗೆ. ಅದರೊಳಗಿನ ಸಣ್ಣ ಬೆಳಕು ಚರ್ಮ ದಾಟಿ ರಕ್ತದೊಳಕ್ಕೆ ಇಣುಕುತ್ತಿತ್ತು. ಆಮ್ಲಜನಕ ಹೊರುವ ಕೆಂಪು ಕಣಗಳು ಹೇಗಿವೆ, ರಕ್ತಕ್ಕೆ ಹೊಸದಾಗಿ ಏನು ಬಂದು ಸೇರಿತು ಎಂಬುದನ್ನು ಗುರುತಿಟ್ಟುಕೊಳ್ಳುತ್ತಿತ್ತು. ಇನ್ನೊಂದು ಭಾಗ ಯಜಮಾನನ ಕೈಗೆ. ಅದು ನರಗಳಿಗೆ ಸೂಕ್ಷ್ಮವಾದ ವಿದ್ಯುತ್ತನ್ನು ಮುಟ್ಟಿಸಿ ನಾಯಿಯ ಸಂಕಟವನ್ನು ಮನುಷ್ಯನ ಮೈಗೆ ದಾಟಿಸುತ್ತಿತ್ತು. ರಕ್ತಕ್ಕೆ ವಿಷ ಸೇರಿದರೆ ಚೇಳಿನಂತೆ ಕುಟುಕುತ್ತಿತ್ತು.

ಆ ಕುಟುಕಿಗಾಗಿಯೇ ಯಮನಪ್ಪ ಪಟ್ಟಿ ಕಟ್ಟಿಕೊಂಡಿದ್ದ, ಕಟ್ಟಿಕೊಂಡ ಮೇಲೆ ಇದೇ ಮೊದಲ ಬೇಟೆ. ಹಿಂದಿನ ಸುಗ್ಗಿಯಲ್ಲಿ ಅವನ ಮೂರು ನಾಯಿಗಳು ಒಂದರ ಹಿಂದೊಂದು ಸತ್ತಿದ್ದವು. ವಸಡು ಸುಣ್ಣದಂತೆ ಬಿಳಿಚಿ, ಕಂದು ಮೂತ್ರ ಮಾಡಿ, ಓಡುತ್ತ ಓಡುತ್ತಲೇ ಕುಸಿದಿದ್ದವು. ಯಾರೋ ವಿಷ ಹಾಕಿದ್ದಾರೆ ಎಂದು ಊರೆಲ್ಲ ಮಾತಾಡಿತು. ಯಾರು ಎಂಬ ಬಗ್ಗೆ ಯಮನಪ್ಪನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಪಕ್ಕದ ಹೊಲದ ಹನಮಂತ! ಬೇಟೆನಾಯಿ ಸಾಕುವುದರಲ್ಲಿ ತನಗೆ ಸಮಸಮ ನಿಲ್ಲುವವನು ಹನಮಂತನೊಬ್ಬನೇ. ಹನಮಂತನದೂ ಒಂದು ನಾಯಿ ಹಾಗೇ ಸತ್ತಿತ್ತಲ್ಲ ಎಂದು ಯಾರಾದರೂ ನೆನಪಿಸಿದರೆ, "ಎಲ್ಲಾ ಸೋಗು" ಎಂದು ಯಮನಪ್ಪ ಉಗುಳುತ್ತಿದ್ದ.

"ವಿಷ ಸೇರಿದ್ ಕೂಡ್ಲೇ ಕಡೀತೈತೇನ್ರಿ ಇದು?" ಎಂದು ಪಟ್ಟಿ ಕೊಟ್ಟ ದಿನ ನೀಲಾಂಬಿಕಾ ಅವರನ್ನು ಕೇಳಿದ್ದ.

"ರಕ್ತಕ್ಕ ಸೇರಿದ ಮ್ಯಾಲೆ ಕಡೀತೈತ್ರಿ. ಆದ್ರ ಯಮನಪ್ಪಾರ, ಹೊಟ್ಟಿಗೆ ಬಿದ್ದದ್ದು ರಕ್ತಕ್ಕ ಸೇರಾಕ..."

"ಇಷ್ಟ್ ಸಾಕ್ ಬಿಡ್ರಿ ಬಾಯಾರ. ಇನ್ನ ಅವನುಂಟು, ನಾನುಂಟು."

ಉಳಿದದ್ದನ್ನು ಕೇಳುವ ತಾಳ್ಮೆ ಅವನಿಗೆಲ್ಲಿತ್ತು! ನಾಯಿಯ ಮೇಲಿನ ಪ್ರೀತಿಯೂ ಹನಮಂತನ ಮೇಲಿನ ಸಿಟ್ಟೂ ಅವನಲ್ಲಿ ಯಾವಾಗಲೋ ಕಲಸಿಹೋಗಿದ್ದವು.

ಬೇಟೆಯ ಮುಂಜಾನೆ ನಾಯಿಗೆ ರಂಜಕ ಹಚ್ಚಿದ ರೊಟ್ಟಿ ತಿನ್ನಿಸುವುದು ಆ ಊರಿನ ಪದ್ಧತಿ. ಹಣ್ಣಾದ ಕೆಂಪು ಮೆಣಸಿನಕಾಯಿ, ಬೊಗಸೆ ಬೆಳ್ಳುಳ್ಳಿ, ಉಪ್ಪು ಹಾಕಿ ಅರೆದ ಆ ಖಾರ ತಿಂದರೆ ನಾಯಿಯ ರಕ್ತಕ್ಕೆ ರೋಷ ಬರುತ್ತದೆಂದು ನಂಬಿಕೆ. ರಂಜಕ ಅರೆಯುವ ಕೆಲಸವನ್ನು ಯಮನಪ್ಪ ಹೆಂಡತಿಗೂ ಬಿಡುತ್ತಿರಲಿಲ್ಲ. ಆ ಮುಂಜಾನೆಯೂ ತಾನೇ ಅರೆದು, ರೊಟ್ಟಿಗೆ ದಪ್ಪಗೆ ಸವರಿ, ಮೇಲೆ ಬೆಣ್ಣೆ ಹಾಕಿ, ತುತ್ತು ತುತ್ತಾಗಿ ಚಿಗರಿಯ ಬಾಯಿಗಿಟ್ಟಿದ್ದ.

ಈಗ ಬದುವಿನ ಮೇಲೆ ಚಿಗರಿ ತೇಕುತ್ತ ನಿಂತಿತ್ತು. ಅತ್ತ ಕಡೆಯಿಂದ ಹನಮಂತ ಬಂದ. ಸತ್ತ ಹಂದಿಯನ್ನು ನೋಡಿ ತಲೆದೂಗಿದ. ತಂದಿದ್ದ ಕೊಡದ ನೀರನ್ನು ಅಂಗೈಗೆ ಸುರಿದುಕೊಂಡು ಚಿಗರಿಯ ಮುಂದೆ ಹಿಡಿದ. ಅದು ಲಪಲಪ ನೆಕ್ಕಿತು.

ಆಗ ಪಟ್ಟಿ ಕುಟುಕಿತು. ಒಮ್ಮೆಯಲ್ಲ, ಬಿಡದೆ.

"ಸಿಕ್ಕಿಯಲ್ಲಲೇ ಕಳ್ಳಾ!" ಯಮನಪ್ಪ ಕಬ್ಬು ಕಡಿಯುವ ಕೊಯ್ತಾ ಎತ್ತಿಕೊಂಡು ನುಗ್ಗಿದ.

"ಏನ್ ಹುಚ್ಚ್ ಹಿಡದೈತೇನ್ ನಿನಗ? ನೀರಲೇ ಅದು, ನೀರು!" ಎಂದು ಹನಮಂತ ಕೈ ಅಡ್ಡ ಹಿಡಿದ. ಕೊಯ್ತಾ ಆ ಕೈ ಮೇಲೆಯೇ ಇಳಿಯಿತು. ಬಲಗೈಯ ಎರಡು ಬೆರಳು ಹಾರಿ ಬದುವಿನ ಹುಲ್ಲಿನಲ್ಲಿ ಬಿದ್ದವು. ಹನಮಂತನ ಚೀರಾಟ ಹೊಲದ ಆಚೆಗೂ ಕೇಳಿಸಿತು. ಯಮನಪ್ಪ ಅವನ ಎದೆಯ ಮೇಲೆ ಮಂಡಿಯೂರಿ, ಕುತ್ತಿಗೆಗೆ ಗುರಿಯಿಟ್ಟು ಮತ್ತೆ ಕೊಯ್ತಾ ಎತ್ತಿದ.

ಆ ಗಲಾಟೆಗೆ ಬೆದರಿ ಕಬ್ಬಿನಿಂದ ಇನ್ನೊಂದು ಹಂದಿ ಹೊರಬಿತ್ತು. ಚಿಗರಿ ಅದರ ಮೇಲೆ ಹಾರಿತು, ಆದರೆ ಅರ್ಧದಲ್ಲೇ ಕಾಲು ಸೋತವು. ಎಷ್ಟೋ ವಾರಗಳಿಂದ ಅದರ ಕೆಂಪು ಕಣಗಳು ಒಡೆಯುತ್ತ ಬಂದಿದ್ದವು. ಎಷ್ಟು ತೇಕಿದರೂ ಉಸಿರನ್ನು ಕಾಲಿಗೆ ತಲುಪಿಸುವ ರಕ್ತ ಉಳಿದಿರಲಿಲ್ಲ. ಹಂದಿಯ ಕೋರೆ ಅದರ ಹೊಟ್ಟೆಯನ್ನು ಉದ್ದಕ್ಕೂ ಬಗೆಯಿತು.

ಎತ್ತಿದ ಕೊಯ್ತಾ ಯಮನಪ್ಪನ ಕೈಯಿಂದ ಜಾರಿತು. ಹೊಟ್ಟೆ ಹಿಡಿದುಕೊಂಡು ಹನಮಂತನ ಪಕ್ಕದಲ್ಲೇ ಬಿದ್ದು ಒದ್ದಾಡಿದ. ಪಟ್ಟಿಯ ಬಡಿತ ನಿಧಾನವಾಗಿ ನಿಂತುಹೋಯಿತು.

ಪೊಲೀಸ್ ಠಾಣೆಗೆ ಬಂದ ನೀಲಾಂಬಿಕಾ ಕೊರಳಪಟ್ಟಿಯ ಗುರುತುಗಳನ್ನು ಎರಡೆರಡು ಸಲ ನೋಡಿದ್ದರು.

"ಬೆಳ್ಳುಳ್ಳಿರಿ, ಯಮನಪ್ಪಾರ. ಅದರಾಗಿನ ಗಂಧಕದ ಅಂಶ ನಮಗ ಏನೂ ಮಾಡೂದಿಲ್ಲ, ನಾಯಿಯ ಕೆಂಪ್ ಕಣ ಒಡೀತೈತಿ. ಉಳ್ಳಾಗಡ್ಡಿನೂ ಹಂಗs. ಮುಂಜಾನೆ ತಿಂದದ್ದು ಆ ಹೊತ್ತಿಗೆ ರಕ್ತಕ್ಕ ಸೇರೇತಿ."

"ಮುಂಜಾನೆ... ನನ್ನ ಕೈಲೇ ತಿಂದಿತ್ತಲ್ರಿ."

"ಹೌದ್ರಿ."

"ಬೆಳ್ಳುಳ್ಳಿ ನಾಯಿಗೆ ವಿಷ ಅನ್ನೂದನ್ನ ನಿಮ್ಮ ಪಟ್ಟಿನs ಮೊದಲ ಕಂಡ್ ಹಿಡೀತೇನ್ರಿ?"

ನೀಲಾಂಬಿಕಾ ತಲೆಯಾಡಿಸಿದರು. "ಇಲ್ರಿ. ನಮ್ಮಜ್ಜನ ಕಾಲಕ್ಕs ಗೊತ್ತಿದ್ದ ಮಾತಿದು. ಯಾರನ್ನರ ಒಂದ್ ಮಾತು ಕೇಳಿದ್ರ ಸಾಕಾಗಿತ್ತು."

ಯಮನಪ್ಪ ಹಣೆಯನ್ನು ಗೋಡೆಗೆ ಜಜ್ಜಿಕೊಂಡ. ಇಬ್ಬರು ಪೊಲೀಸರು ಹಿಡಿದು ನಿಲ್ಲಿಸಬೇಕಾಯಿತು.

ಅವನು ಜೈಲಿನಿಂದ ಹೊರಬರುವ ಹೊತ್ತಿಗೆ ಪಟ್ಟಿ ಮನೆಮನೆಗೂ ಬಂದಿತ್ತು. ಈರುಳ್ಳಿ ಬೆಳ್ಳುಳ್ಳಿಯ ಸಾರು, ಚಟ್ನಿ, ಉಪ್ಪಿನಕಾಯಿ ಮೆತ್ತಿದ ಅನ್ನವನ್ನು ನಾಯಿಗೆ ಸುರಿಯುತ್ತಿದ್ದವರು ತಮ್ಮ ಕೈಗೇ ಕುಟುಕಿದಾಗ ಬೆಚ್ಚಿದ್ದರು. ಆದರೆ ಬರೀ ಬೆಚ್ಚಿ ಸುಮ್ಮನಾಗಲಿಲ್ಲ, ದೂರು ಕೊಟ್ಟರು: ನೋವು ಬೇಡ, ಸುದ್ದಿ ಸಾಕು. ತಯಾರಕರು ಕುಟುಕನ್ನು ತೆಗೆದು ಬರೀ ದೀಪ ಇಟ್ಟರು. ಕೆಂಪು ದೀಪಕ್ಕೆ ಯಾರೂ ಊಟದ ನಡುವೆ ಏಳುತ್ತಿರಲಿಲ್ಲ.

ಹನಮಂತ ದೀಪದ ಪಟ್ಟಿಯನ್ನೂ ಕೊಂಡಿರಲಿಲ್ಲ. ಬೆಳ್ಳುಳ್ಳಿಯ ಮಾತೆಲ್ಲ ಯಮನಪ್ಪನ ಶಿಕ್ಷೆ ತಗ್ಗಿಸಲು ಡಾಕ್ಟರು ಕಟ್ಟಿದ ಕತೆ ಎಂದೇ ಅವನ ತಿಳುವಳಿಕೆ. ಮುಂದಿನ ಬೇಟೆಯ ಮುಂಜಾನೆ ಮೂರು ಬೆರಳಲ್ಲಿ ರೊಟ್ಟಿ ಹಿಡಿದು ರಂಜಕ ಸವರುತ್ತಿದ್ದಾಗ ಬಾಗಿಲಲ್ಲಿ ಯಮನಪ್ಪ ನಿಂತಿದ್ದ. ಹನಮಂತ ಥಟ್ಟನೆ ಕೈ ಅಡ್ಡ ಹಿಡಿದ, ಅದೇ ಕೈ.

ಯಮನಪ್ಪ ಅಂಗಳದಲ್ಲಿ ಕುಳಿತ. ಚಿಗರಿಯ ಹಳೆಯ ಕೊರಳಪಟ್ಟಿಯನ್ನು ಹನಮಂತನ ನಾಯಿಗೆ ಕಟ್ಟಿದ. ಅದರ ಜೋಡಿ ಪಟ್ಟಿಯನ್ನು ತನ್ನ ಕೈಗೆ ಬಿಗಿದುಕೊಂಡ.

"ನನ್ನ ನಾಯಿಗೊಳನ್ನ ನಾನs ಕೊಂದೆ, ಹನಮಂತಾ. ನಿನ್ನ ಕೈ ಕಡದೆ. ನಂಬಿಕಿ ಇಲ್ಲಂದ್ರ ತಿನ್ನಸು. ನಾ ಇಲ್ಲೇ ಕುಂದರ್ತೀನಿ. ನನ್ನ ಮಾರಿ ನೋಡಕೋತ ಇರು."

ಹನಮಂತನ ಉಸಿರು ಬುಸುಗುಟ್ಟಿತು. ಇವನು ಒದ್ದಾಡುವುದನ್ನು ನೋಡಬೇಕೆಂದು ಎಷ್ಟು ರಾತ್ರಿ ಹಂಬಲಿಸಿದ್ದನೋ! ನಾಯಿ ಬಾಲ ಆಡಿಸುತ್ತ ರೊಟ್ಟಿಯನ್ನೇ ನೋಡುತ್ತಿತ್ತು. ಹನಮಂತ ಮೂರು ಬೆರಳ ಕೈಯಿಂದ ಯಮನಪ್ಪನ ಕೆನ್ನೆಗೆ ಬಲವಾಗಿ ಬಾರಿಸಿದ. ತುಟಿ ಒಡೆದು ರಕ್ತ ಬಂತು. ಆಮೇಲೆ ರೊಟ್ಟಿಯನ್ನು ಉರಿಯುವ ಒಲೆಗೆ ಎಸೆದ.

ಪಟ್ಟಿ ಕುಟುಕಲಿಲ್ಲ. ನಾಯಿಯ ಎದೆ ನೆಮ್ಮದಿಯಿಂದ ಬಡಿಯುತ್ತಿತ್ತು. ಎದುರಿಗೆ ನಿಂತ ಮನುಷ್ಯನ ಎದೆಯಲ್ಲಿ ಏನು ನಡೆದಿದೆ ಎಂದು ತಿಳಿಸುವ ಪಟ್ಟಿಯನ್ನು ಆಗಲೂ ಯಾರೂ ಕಂಡುಹಿಡಿದಿರಲಿಲ್ಲ. ಅದಕ್ಕೆ ನಮ್ಮ ಈ ಕಾಲದಂತೆಯೇ ಮುಖವೆತ್ತಿ ನೋಡಬೇಕಿತ್ತು. ಯಮನಪ್ಪ ನೋಡಿದ. ಹನಮಂತ ಅಳುತ್ತಿದ್ದ.