ಹಿಗ್ಗದ ಬಟನ್

ನರ್ಸ್ ಫರ್ಜಾನಾ ನದಾಫ ಜೇಬಿನಿಂದ ಕರವಸ್ತ್ರದಷ್ಟು ಅಗಲದ ಪರದೆಯನ್ನು ತೆಗೆದು, ಎರಡು ತುದಿ ಹಿಡಿದು ಎಳೆದಳು. ಅದು ಕಿಟಕಿಯಷ್ಟಾಯಿತು, ಇನ್ನೊಮ್ಮೆ ಎಳೆದರೆ ಬಾಗಿಲಿನಷ್ಟಾಯಿತು. ಗೋಡೆಯ ಕೊಕ್ಕೆಗಳಿಗೆ ಸಿಕ್ಕಿಸಿದ ಕೂಡಲೇ ಕೂಸಿನ ಎದೆಬಡಿತದ ಹಸಿರು ಗೆರೆ ಆ ಗೋಡೆಯುದ್ದಕ್ಕೂ ಕುಣಿಯತೊಡಗಿತು.

"ಕಾಣಸ್ತೈತೇನ್ರೀ, ಅಜ್ಜಿ?"

"ಕಾಣಸ್ತೈತವ್ವಾ! ನನ್ನ ಬಂಗಾರದ್ದು ಎಷ್ಟ್ ಜೋರ ಬಡೀತೈತಿ!" ಗಾಜಿನಾಚೆ ನಿಂತ ಶ್ರುತಿ ಎರಡೂ ಕೈ ಜೋಡಿಸಿದಳು. ಅದು ಶ್ರುತಿಯರು ಅಜ್ಜಿಯರಾಗಿದ್ದ ಕಾಲ, 2061.

ಗದಗಿನ ಹತ್ತಿರದ ಹೆರಿಗೆ ಆಸ್ಪತ್ರೆಯೊಂದರಲ್ಲಿ, ನೆಂಟರು ಬರುವ ನಾಲ್ಕು ಗಂಟೆಯ ಹೊತ್ತಿಗೆ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ಇದು ನಡೆಯಿತು. ಪರದೆಯನ್ನು ಕಂಡುಹಿಡಿದ ಡಾ. ಶಾಲ್ಮಲಾ ಹೊಂಬಳ ಅಲ್ಲೇ ನಿಂತು ಖುಷಿಯಿಂದ ಉಬ್ಬಿಹೋಗಿದ್ದಳು. ಹಿಗ್ಗುವ ಬಟ್ಟೆ ಮಾಡಿದರೆ ಅರ್ಧ ಕೆಲಸವಷ್ಟೇ, ಒಳಗಿನ ಚಿತ್ರ, ಬರಹ, ಬಟನ್‌ಗಳೂ ಜೊತೆಗೆ ಹಿಗ್ಗಬೇಕಲ್ಲ! ಅದಕ್ಕೆ ಅವಳು ಪೈಥಾನ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯನ್ನೇ ನೆಚ್ಚಿದ್ದಳು. ಅದರ ಜೊತೆಗೇ ಬರುವ, ಕಿಟಕಿ ಕಟ್ಟುವ ಸಲಕರಣೆಯಲ್ಲಿ ಪರದೆಯನ್ನು ಅಡ್ಡ, ಉದ್ದ ಸಾಲುಗಳಾಗಿ ಭಾಗ ಮಾಡಿ, ಪ್ರತಿ ಸಾಲಿಗೂ ಪಾಲಿನ ಒಂದು ಅಂಕಿ ಕೊಡುತ್ತಾರೆ. ಪರದೆ ಬೆಳೆದಾಗ ಹೆಚ್ಚಿದ ಜಾಗ ಆ ಅಂಕಿಗಳ ಪ್ರಕಾರ ಹಂಚಿಕೆಯಾಗುತ್ತದೆ. ಸೊನ್ನೆ ಇದ್ದ ಸಾಲಿಗೆ ಏನೂ ಸಿಗುವುದಿಲ್ಲ.

ಹಸಿರು ಗೆರೆ ಒಮ್ಮೆಲೇ ತಗ್ಗಿತು. ಕೂಸು ಉಸಿರಾಡುವುದನ್ನೇ ಮರೆತಿತ್ತು.

'ಉಸಿರು' ಎಂಬ ಬಟನ್ ಒತ್ತಿದರೆ ಕೊಳವೆಯಿಂದ ಗಾಳಿ ಬರಬೇಕು. ಬಾಗಿಲಿನಷ್ಟು ಪರದೆಯ ಮೂಲೆಯಲ್ಲಿ ಆ ಬಟನ್ ಮಾತ್ರ ಉಗುರಿನಷ್ಟೇ ಉಳಿದಿತ್ತು. ಫರ್ಜಾನಾಳ ಕೈಗವಸಿನ ಬೆರಳು ಪಕ್ಕದ 'ದೀಪ'ಕ್ಕೆ ತಾಗಿತು. ದೀಪ ಹತ್ತಿತು, ಆರಿತು. ಅವಳು ಅದನ್ನು ಬಿಟ್ಟು ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಯೊಳಗೆ ಕೈ ಹಾಕಿ ಅದರ ಅಂಗಾಲು ಉಜ್ಜಿದಳು. ಕೂಸು ಮುಖ ಕಿವುಚಿ ಅತ್ತಿತು. ಶಾಲ್ಮಲಾಳಿಗೆ ಹೋದ ಜೀವ ಬಂದಂತಾಯಿತು.

"ಮೇಡಮ್ಮಾರ, ಲ್ಯಾಬಿನ್ಯಾಗ ಎಳದ ನೋಡಲಿಲ್ಲೇನ್ರಿ ಇದನ್ನ?"

"ಸಾವಿರ ಸಲ ಎಳದೀನ್ರಿ ಸಿಸ್ಟರ್. ಎಳದ ಮ್ಯಾಲೆ ಒತ್ತಿ ನೋಡಲಿಲ್ಲ. ಕೈಯಾಗ ಹಿಡದಾಗಷ್ಟ ಒತ್ತತೀರಿ ಅಂದ್ಕೊಂಡಿದ್ದೆ. ಸದ್ಯಕ್ಕ ಎಳೀಬ್ಯಾಡ್ರಿ."

"ಅಜ್ಜಿ ಕೂಸನ್ನ ಮುಟ್ಟೂಹಂಗಂತೂ ಇಲ್ಲ, ನೋಡಾಕರ ನೋಡಲಿ. ಇದು ಇವತ್ತ ಇನ್ನೊಮ್ಮೆ ಉಸಿರ ಹಿಡೀತೈತಿ. ಅಷ್ಟರೊಳಗ ಸರಿ ಮಾಡ್ರಿ!"

ಶಾಲ್ಮಲಾ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಬಟನ್ ಇದ್ದ ಅಡ್ಡಸಾಲಿಗೂ ಉದ್ದಸಾಲಿಗೂ ಪಾಲಿನ ಅಂಕಿ ಮೂರು ಎಂದು ಬರೆದಳು. ಈಗ ಆ ಎರಡು ಸಾಲು ಕೂಡುವ ಮನೆಯೇನೋ ದೊಡ್ಡದಾಯಿತು, ಬಟನ್ ಅದರ ನಡುವೆ ಮೊದಲಿನಷ್ಟೇ ಕೂತಿತ್ತು.

"ಅಂಗಳದಷ್ಟ ಜಾಗ ಕೊಟ್ಟು, ನಡುವ ಒಂದ ಮಣಿ ಹಾಕೀರಲ್ರಿ!"

"ತಡೀರಿ, ತಡೀರಿ!" ಮನೆಯ ನಾಲ್ಕೂ ದಿಕ್ಕಿನ ಅಂಚಿಗೆ ಅಂಟಿಕೊಳ್ಳೆಂದು ಬಟನ್‌ಗೆ ಬರೆಯಬೇಕಿತ್ತು, ಬರೆದಳು. ಬಟನ್ ಪರಾತದಷ್ಟಾಯಿತು, ಅಕ್ಷರ ಮಾತ್ರ ಇರುವೆಯಷ್ಟೇ! ಅಕ್ಷರ ತಾನಾಗಿ ಬೆಳೆಯುವುದಿಲ್ಲ. ಪರದೆ ಹಿಗ್ಗಿದಾಗಲೆಲ್ಲ ಅದರ ಅಳತೆಯನ್ನು ಹೊಸದಾಗಿ ಲೆಕ್ಕ ಹಾಕುವ ಎರಡು ಸಾಲು ಬರಹ ಸೇರಿಸಿದಳು.

ಗೆರೆ ಮತ್ತೆ ತಗ್ಗಿತು. ಫರ್ಜಾನಾಳ ಎರಡೂ ಕೈ ಪಕ್ಕದ ಕೂಸಿನ ಸೂಜಿ ತೆಗೆಯುವುದರಲ್ಲಿದ್ದವು. ಅವಳು ಹಿಂದಕ್ಕೆ ವಾಲಿ ಮೊಣಕೈಯಿಂದಲೇ ಗೋಡೆಗೆ ಗುದ್ದಿದಳು. 'ಉಸಿರು' ಮಿಂಚಿತು. ಗಾಳಿ ಸುಯ್ಯೆಂದಿತು, ಪುಟ್ಟ ಎದೆ ಏರಿತು, ಇಳಿಯಿತು, ಮತ್ತೆ ಏರಿತು!

"ಹೊಡದೀ ನೋಡವ್ವಾ!" ಎಂದು ಗಾಜಿನಾಚೆ ಶ್ರುತಿ ಕೂಗಿದಳು. ಶಾಲ್ಮಲಾ ನಗುತ್ತ ಅಳುತ್ತ ಫರ್ಜಾನಾಳನ್ನು ತಬ್ಬಿಕೊಂಡಳು.

ಆಮೇಲೆ ಶಾಲ್ಮಲಾ ತನ್ನ ಹಳೆಯ ಬರಹದಲ್ಲಿ, ಬಟನ್ ಹಿಗ್ಗದಂತೆ ಮಾಡಿದ ಆ ಸೊನ್ನೆಯನ್ನು ಹುಡುಕಿದಳು. ಅದು ಎಲ್ಲೂ ಇರಲಿಲ್ಲ. ಯಾವ ಅಂಕಿಯನ್ನೂ ಬರೆಯದೆ ಬಿಟ್ಟರೆ ಪೈಥಾನಿನ ಆ ಸಲಕರಣೆ ಅದನ್ನು ಸೊನ್ನೆ ಎಂದೇ ತಿಳಿಯುತ್ತದೆ. ನಿಮ್ಮ ಕಾಲದಲ್ಲೂ ಹಾಗೆಯೇ. ಈಗಲೇ ನಿಮ್ಮ ಕಂಪ್ಯೂಟರಿನ ಒಂದು ಕಿಟಕಿಯ ಮೂಲೆ ಹಿಡಿದು ಎಳೆದು ನೋಡಿ. ಎಲ್ಲ ಬೆಳೆದರೂ ಇದ್ದಷ್ಟೇ ಉಳಿಯುವ ಬಟನ್ ಅಲ್ಲೊಂದು ಇದ್ದೇ ಇರುತ್ತದೆ. ಅದನ್ನು ದಿನವೂ ಒತ್ತುವವರು ಯಾರೆಂದು, ಬರೆದವರು ಒಮ್ಮೆಯಾದರೂ ಕೇಳಿದ್ದರೇ?